ಅತಿಥಿಗಳ ತಲೆಯ ಅಳತೆ

ನನ್ನ ಕೈಚೀಲದ ಒಳಜೇಬಿನಲ್ಲಿ ಒಣಗಿದ ಬಾಳೆನಾರಿನ ಒಂದು ಸಣ್ಣ ಕಟ್ಟು ಇದೆ. ಪ್ರತಿಯೊಂದು ನಾರಿಗೂ ಒಂದು ಗಂಟು, ಗಂಟಿಗೆ ಸಿಕ್ಕಿಸಿದ ಒಂದು ಕಾಗದದ ಚೂರು. ಚೂರಿನ ಮೇಲೆ ಪೆನ್ಸಿಲಿನಲ್ಲಿ ‘ಪ್ರಾಂಶುಪಾಲರು’, ‘ಉದ್ಘಾಟಕರು’, ‘ಬಂಟ್ವಾಳದ ಚಿತ್ರಕಲಾ ಶಿಕ್ಷಕರು’ ಎಂದು ಬರೆದಿದ್ದೇನೆ. ಇವು ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಕಾಲೇಜಿನ ವೇದಿಕೆಯನ್ನು ಅಲಂಕರಿಸಿದ ಗಣ್ಯರ ತಲೆಯ ಸುತ್ತಳತೆಗಳು. ನಾನು ಕನ್ನಡ ವಿಭಾಗದ ಅತಿಥಿ ಉಪನ್ಯಾಸಕಿ. ಇಂಥದ್ದೊಂದು ಕಟ್ಟು ನನ್ನ ಚೀಲದಲ್ಲಿ ಏಕಿದೆ ಎಂದು ಯಾರಾದರೂ ಕೇಳಿದರೆ ಕೊಡಲು ನಾನು ಬಹಳ ದಿನಗಳಿಂದ ಒಂದು ಉತ್ತರವನ್ನು ಸಿದ್ಧಪಡಿಸಿ ಇಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ನಮ್ಮ ಕಾಲೇಜು ಮೂಡುಬಿದಿರೆಯ ಪೇಟೆ ಮುಗಿದು ಸ್ವಲ್ಪ ಮುಂದೆ ಹೋದರೆ ಸಿಗುತ್ತದೆ. ಅಲ್ಲಿ ಪ್ರತಿವರ್ಷ ಎರಡು ದಿನಗಳ ಕಲೆ ಮತ್ತು ಕರಕುಶಲ ವಿಚಾರ ಸಂಕಿರಣ ನಡೆಯುತ್ತದೆ. ಜೊತೆಗೆ ವಿದ್ಯಾರ್ಥಿಗಳ ಪ್ರದರ್ಶನ. ನಾನು ಸೇರಿದ ಮೊದಲ ವರ್ಷ ಇದರ ಪೂರ್ವಭಾವಿ ಸಭೆಯಲ್ಲಿ, ಬಾಗಿಲಿನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆ. ಅತಿಥಿಗಳಿಗೆ ಶಾಲು ಹೊದೆಸಿ ಹೊದೆಸಿ ಸಾಕಾಗಿದೆ, ಈ ಸಲ ನಮ್ಮ ಮಣ್ಣಿನದ್ದೇ ಆದ ಒಂದು ಗೌರವ ಇರಲಿ ಎಂದು ಪ್ರಾಂಶುಪಾಲರು ಹೇಳಿದರು. ಮುಟ್ಟಾಳೆ ಇಡಬಹುದಲ್ಲ ಎಂದು ಯಾರೋ ಸೂಚಿಸಿದರು. ಮುಟ್ಟಾಳೆ ಎಂದರೆ ಅಡಿಕೆ ಹಾಳೆಯ ಟೊಪ್ಪಿ. ಗದ್ದೆ ಕೆಲಸದವರು ಬಿಸಿಲಿಗೆ, ತಲೆಹೊರೆಗೆ ಇಟ್ಟುಕೊಳ್ಳುತ್ತಿದ್ದದ್ದು ಈಗ ವೇದಿಕೆಗಳಿಗೆ ಬಂದಿದೆ. ಆದರೆ ಒಳ್ಳೆಯದನ್ನು ಮಾಡುವವರು ಸಿಗುವುದೆಲ್ಲಿ ಎಂಬ ಪ್ರಶ್ನೆ ಬಂತು. ನಾನು ಎದ್ದು ನಿಂತು, “ನನಗೆ ಗೊತ್ತಿರುವವರೊಬ್ಬರು ಇದ್ದಾರೆ, ಸರ್,” ಎಂದೆ.

ಆ ಗೊತ್ತಿರುವವರು ನನ್ನ ಅಪ್ಪ.

ಅದನ್ನು ಆಗಲೇ ಏಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಹಲವು ಬಾರಿ ಕೇಳಿಕೊಂಡಿದ್ದೇನೆ. ಸೇರಿ ಎರಡು ತಿಂಗಳಾಗುವಷ್ಟರಲ್ಲೇ ತನ್ನ ಮನೆಯ ಕೆಲಸವನ್ನು ಕಾಲೇಜಿಗೆ ತರುತ್ತಿದ್ದಾಳೆ ಎಂದು ಯಾರೂ ಭಾವಿಸಬಾರದು ಎಂಬುದು ನಾನು ಕೊಟ್ಟುಕೊಂಡ ಕಾರಣ. ಅದು ಸುಳ್ಳಲ್ಲ. ಆದರೆ ಅದರ ಕೆಳಗೆ ಇನ್ನೊಂದಿತ್ತು. ಆ ಕೋಣೆಯಲ್ಲಿ ಕುಳಿತಿದ್ದ ಹಲವರ ತಂದೆಯರು ಅಧ್ಯಾಪಕರು, ಬ್ಯಾಂಕಿನವರು. ಕೆಲವರ ಮನೆಯಲ್ಲಿ ಅಜ್ಜನೂ ಪದವೀಧರ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಅಪ್ಪ ಶಿರ್ತಾಡಿಯಿಂದ ಒಳಗೆ ನಮ್ಮ ಊರಿನ ಗದ್ದೆ ತೋಟಗಳಲ್ಲಿ ಕೂಲಿ ಮಾಡಿದವರು. ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ನಾಲ್ಕು ಜನರ ಎದುರು ಎದ್ದು ನಿಂತು ‘ನನ್ನ ಅಪ್ಪ ಮಾಡುತ್ತಾರೆ’ ಎನ್ನುವುದಕ್ಕೂ ‘ಗೊತ್ತಿರುವವರೊಬ್ಬರು’ ಎನ್ನುವುದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಆ ಮಾತು ಬಾಯಿಯಿಂದ ಹೊರಟ ಮೇಲೆಯೇ ನನಗೆ ತಿಳಿದದ್ದು.

ಸಭೆಯ ನಡಾವಳಿಯಲ್ಲಿ ನನ್ನ ಹೆಸರಿನ ಮುಂದೆ ‘ಸಂಯೋಜಕಿ’ ಎಂದು ಬರೆದರು. ಸಂತೋಷವೇ ಆಯಿತು. ಸಂಯೋಜಕಿಯ ಕೆಲಸವೇನೆಂದು ಆಗ ತಿಳಿದಿರಲಿಲ್ಲ. ಬಂಟ್ವಾಳ, ಬೆಳ್ತಂಗಡಿ ಕಡೆಯ ಕಾಲೇಜುಗಳಿಗೆ ಖುದ್ದಾಗಿ ಹೋಗಿ ಆಮಂತ್ರಣ ಕೊಡಬೇಕು. ಮಡಂತ್ಯಾರಿನಲ್ಲಿ ಬಸ್ಸಿಗೆ ಕಾಯುತ್ತ ನಿಂತು ಮರುದಿನದ ಪಾಠಕ್ಕೆ ತಯಾರಾಗಬೇಕು. ಹೊಸದಾಗಿ ಬಣ್ಣ ಹೊಡೆದ ಗೋಡೆಗೆ ಮೊಳೆ ಹೊಡೆಯಬಾರದು, ಟೇಪು ಅಂಟಿಸಬಾರದು. ಆದರೂ ನೂರಾರು ಚಿತ್ರಗಳು ಕಣ್ಣಿನ ಮಟ್ಟದಲ್ಲಿ ತೂಗಬೇಕು. ತೆಂಗಿನ ಚಿಪ್ಪಿನ ದೀಪ, ಬಣ್ಣ ಬಳಿದ ಬಾಟಲಿ, ಕಸೂತಿಯ ಚೌಕಟ್ಟು ಎಲ್ಲದಕ್ಕೂ ಮೇಜು ಬೇಕು. ಪರೀಕ್ಷಾ ಕೊಠಡಿಯಿಂದ ಮೇಜು ಕೊಡುವುದಿಲ್ಲ. ಹಿಂಗಾರ, ಎಂದರೆ ಅಡಿಕೆಯ ಹೂಗೊನೆ, ಅರಳಿಸಿ ಉದ್ಘಾಟಿಸುವುದಾದರೆ ಅದೇ ದಿನ ಬೆಳಿಗ್ಗೆ ಇಳಿಸಿದ, ಒಡೆಯದ ಹಿಂಗಾರ ಬೇಕು. ಸ್ವಾಗತ ಭಾಷಣ ಇನ್ನೊಬ್ಬರದ್ದು, ಬರೆದುಕೊಡುವವಳು ನಾನು.

ಅತಿಥಿ ಉಪನ್ಯಾಸಕರಿಗೆ ಪ್ರತಿವರ್ಷವೂ ಹೊಸ ನೇಮಕಾತಿ ಪತ್ರ ಬರಬೇಕು. ನಮ್ಮಲ್ಲಿ ಅದು ಬರುವುದು ಸಂಕಿರಣ ಮುಗಿದ ಕೆಲವು ವಾರಗಳ ಮೇಲೆ. ಎರಡಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಿದವರಿಲ್ಲ. ಸಂಬಂಧವಿಲ್ಲ ಎಂದೂ ಯಾರೂ ಹೇಳಿಲ್ಲ. ಉಪನ್ಯಾಸಕರ ಅರ್ಹತಾ ಪರೀಕ್ಷೆಗೆ ಓದಬೇಕು, ಈ ವರ್ಷ ಬೇರೆ ಯಾರಿಗಾದರೂ ಈ ಜವಾಬ್ದಾರಿ ಕೊಡಬಹುದೇ ಎಂದು ಎರಡನೆಯ ವರ್ಷವೇ ನಾನು ವಿನಂತಿಸಿದ್ದೆ. ಪ್ರಾಂಶುಪಾಲರು ನಕ್ಕು, ನೀವಿದ್ದರೆ ನಮಗೆ ಚಿಂತೆಯೇ ಇಲ್ಲ ಎಂದಿದ್ದರು. ಅದಕ್ಕೆ ನಾನು ಧನ್ಯವಾದ ಹೇಳಿ ಹೊರಗೆ ಬಂದಿದ್ದೆ.

ಮೊದಲ ವರ್ಷದ ಮುಟ್ಟಾಳೆಗಳು ನಗೆಪಾಟಲಾದವು. ಅಳತೆ ಎಷ್ಟು ಎಂದು ಅಪ್ಪ ಕೇಳಿದಾಗ, ಎಲ್ಲರದ್ದೂ ಒಂದೇ ಅಳತೆ ಇರಲಿ ಎಂದಿದ್ದೆ. ವೇದಿಕೆಯಲ್ಲಿ ಒಬ್ಬರಿಗೆ ಅದು ಹುಬ್ಬಿನವರೆಗೆ ಇಳಿಯಿತು. ಇನ್ನೊಬ್ಬರ ನೆತ್ತಿಯ ಮೇಲೆ ಚಿಪ್ಪಿನಂತೆ ಕುಳಿತು, ಅವರು ಮಾತಿನ ಮಧ್ಯೆ ತಲೆಯಾಡಿಸಿದಾಗ ಕೆಳಗೆ ಬಿತ್ತು. ಮನೆಯಲ್ಲಿ ಇದನ್ನು ಹೇಳಿದರೆ ಅಪ್ಪ ನಗಲಿಲ್ಲ. ಹಾಳೆಯನ್ನು ನೆನೆಸಿ, ಮೆದುವಾದ ಮೇಲೆ ಎರಡೂ ತುದಿಗಳನ್ನು ಮಡಚಿ ನಾರಿನಿಂದ ಹೊಲಿದು, ಆಮೇಲೆ ಮೊಣಕಾಲಿನ ಮೇಲೆ ಒತ್ತಿ ಒತ್ತಿ ಆಕಾರ ಕೊಡುವುದು ಅವರ ಕ್ರಮ. ಇಷ್ಟು ಮಾಡಿದ್ದು ತಲೆಯಲ್ಲಿ ನಿಲ್ಲಲಿಲ್ಲ ಎಂದರೆ ಅವರಿಗೆ ಅವಮಾನ. ಮನೆಯಲ್ಲಿ ನಾವು ಆಡುವುದು ತುಳು. ಅವರ ಮಾತನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ತಲೆ ನೋಡದೆ ಇನ್ನು ನಾನು ಮಾಡುದಿಲ್ಲ ಮಗಾ. ಅಳತೆ ನೀನು ತಾ.”

ಅಳತೆ ತೆಗೆಯುವುದನ್ನು ಅವರೇ ಕಲಿಸಿದರು. ಬಾಳೆನಾರನ್ನು ನಾಲಿಗೆಯಿಂದ ತುಸು ಒದ್ದೆ ಮಾಡಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಎಡಗಿವಿಯ ಮೇಲಿನಿಂದ ಸುತ್ತು ತಂದು, ಹಿಂದೆ ಒಂದು ಬೆರಳನ್ನು ಒಳಗೆ ಇಟ್ಟು ಸಡಿಲ ಬಿಡಬೇಕು. ಎರಡು ತುದಿ ಸೇರುವ ಜಾಗವನ್ನು ಉಗುರಿನಿಂದ ಹಿಡಿದು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಬೇಕು. ಅಮ್ಮನ ತಲೆಯ ಮೇಲೆ ಅಭ್ಯಾಸ ಮಾಡಿದೆ. ಬೀಡಿಯ ಮೊರ ಮಡಿಲಲ್ಲಿಟ್ಟುಕೊಂಡೇ ಅಮ್ಮ, ಎಂ.ಎ. ಮಾಡಿದ್ದು ಇದಕ್ಕಾ ಎಂದು ಕೇಳಿದರು.

ಮುಖ್ಯ ಅತಿಥಿಗಳಿಗೆ ದೂರವಾಣಿ ಕರೆ ಮಾಡಿ ‘ತಮ್ಮ ತಲೆಯ ಸುತ್ತಳತೆ ಎಷ್ಟು’ ಎಂದು ಕೇಳುವ ಸಭ್ಯ ವಾಕ್ಯವೊಂದು ಕನ್ನಡದಲ್ಲಿ ನನಗೆ ಸಿಗಲಿಲ್ಲ. ಆದ್ದರಿಂದ ಕದ್ದು ತೆಗೆದೆ. ಪ್ರಾಂಶುಪಾಲರದ್ದು ಅವರ ಸ್ಕೂಟರಿನ ಕನ್ನಡಿಗೆ ತೂಗುಹಾಕಿದ್ದ ಹೆಲ್ಮೆಟ್ಟಿನ ಒಳಗಿನಿಂದ ಸಿಕ್ಕಿತು. ನಾನು ಹೆಲ್ಮೆಟ್ಟಿನೊಳಗೆ ಕೈ ಹಾಕಿ ನಾರು ಸುತ್ತುತ್ತಿದ್ದಾಗ ಕಾಲೇಜಿನ ಅಟೆಂಡರ್ ಅಕ್ಕ ಹಿಂದೆ ಬಂದು ನಿಂತಿದ್ದರು. ಇಪ್ಪತ್ತು ವರ್ಷಗಳಿಂದ ಅಲ್ಲಿ ಗಂಟೆ ಹೊಡೆಯುತ್ತ, ಚಹಾ ಕೊಡುತ್ತ ಬಂದವರು ಅವರು.

“ಮೇಡಂ, ಅದರಲ್ಲಿ ಎಂತ ಹುಡುಕುದು ನೀವು?”

ಜೇಡ ಇತ್ತು ಎಂದೆ. ಅವರು ನನ್ನ ಕೈಯಲ್ಲಿದ್ದ ನಾರನ್ನು ನೋಡಿದರು, ಜೇಡದ ಬಗ್ಗೆ ಏನೂ ಕೇಳಲಿಲ್ಲ. ಉಳಿದ ಅತಿಥಿಗಳ ಅಳತೆಗಳನ್ನು, ಹಿಂದಿನ ದಿನ ವೇದಿಕೆ ನೋಡಲು ಬಂದಾಗ, ಹೂಮಾಲೆಯ ಉದ್ದ ನೋಡುವ ನೆಪದಲ್ಲಿ ತೆಗೆದುಕೊಂಡೆ. ಎರಡನೆಯ ವರ್ಷವೂ ಮೂರನೆಯ ವರ್ಷವೂ ಮುಟ್ಟಾಳೆಗಳು ಸರಿಯಾಗಿ ಕುಳಿತವು. ಸ್ಥಳೀಯ ಪತ್ರಿಕೆಯಲ್ಲಿ ಫೋಟೋ ಬಂತು. ನಿಮ್ಮ ಆ ವ್ಯಕ್ತಿ ಬಹಳ ಅಚ್ಚುಕಟ್ಟು ಎಂದು ಎಲ್ಲರೂ ನನ್ನನ್ನು ಹೊಗಳಿದರು.

ಹೊಗಳಿಕೆಯೇ ಬಾಗಿಲನ್ನು ಮುಚ್ಚಿತು. ನಾಲ್ಕನೆಯ ವರ್ಷ, ಎಂದರೆ ಕಳೆದ ವರ್ಷ, ‘ಆ ವ್ಯಕ್ತಿ’ಯನ್ನೇ ಕರೆದು ಪ್ರಾತ್ಯಕ್ಷಿಕೆ ಮಾಡಿಸೋಣ ಎಂದು ಸಮಿತಿ ತೀರ್ಮಾನಿಸಿತು. ಅದೇ ಸಭೆಯಲ್ಲಿ ಆಡಳಿತ ಮಂಡಳಿಯ ಹೊಸ ನಿಯಮವನ್ನೂ ಓದಿ ಹೇಳಿದರು: ಸಂಘಟಕರ ಸಂಬಂಧಿಕರನ್ನು ಸಂಪನ್ಮೂಲ ವ್ಯಕ್ತಿಗಳಾಗಿ ಕರೆಯುವಂತಿಲ್ಲ, ಕಾರ್ಯಕ್ರಮದ ನಂತರ ಸಂಯೋಜಕರು ಹಾಗೆಂದು ಘೋಷಣಾ ಪತ್ರಕ್ಕೆ ಸಹಿ ಹಾಕಿ ಕೊಡಬೇಕು. ಮೊದಲ ದಿನ ನಾನು ಇಲ್ಲದ ನಿಯಮಕ್ಕೆ ಹೆದರಿ ಸುಮ್ಮನಿದ್ದೆ. ಈಗ ನಿಯಮವೇ ಬಂದಿತ್ತು. ಹೇಳಿದರೆ ಮೂರು ವರ್ಷ ಮುಚ್ಚಿಟ್ಟದ್ದು ಹೊರಬೀಳುತ್ತದೆ, ನೇಮಕಾತಿ ಪತ್ರದ ಗತಿ ಏನಾಗುತ್ತದೋ ತಿಳಿಯದು. ಹೇಳದಿದ್ದರೆ ಅಪ್ಪನನ್ನು ಪರಕೀಯರೆಂದು ಬರೆದು ಸಹಿ ಹಾಕಬೇಕು.

ಬೇರೊಬ್ಬರು ಸಿಕ್ಕಿದರೆ ಎರಡೂ ತಪ್ಪುತ್ತದೆ ಎಂದು ನಾನು ಮೂರು ಭಾನುವಾರ ಅಲೆದೆ. ಬೆಳ್ತಂಗಡಿಯ ಹತ್ತಿರ ಒಬ್ಬರಿದ್ದರು. ಅವರು ಮುಟ್ಟಾಳೆ ಬಿಟ್ಟು ಹಾಳೆತಟ್ಟೆ ಒತ್ತುವ ಯಂತ್ರ ಹಾಕಿಕೊಂಡಿದ್ದರು. ಚಾರ್ಮಾಡಿಯಲ್ಲಿ ಘಾಟಿ ಹತ್ತುವ ಮೊದಲು ಸಿಗುವ ಮನೆಯೊಂದರಲ್ಲಿ ಹಿರಿಯರೊಬ್ಬರಿದ್ದರು. ಅವರು ತಮ್ಮ ಬೆರಳುಗಳನ್ನು ನನ್ನೆದುರು ಚಾಚಿ, ಮಡಚಲು ಯತ್ನಿಸಿ ತೋರಿಸಿದರು, ಮಡಚಲಿಲ್ಲ. ಬಂಟ್ವಾಳದಲ್ಲಿ ಮೂರನೆಯವರು ನನ್ನನ್ನು ಕೂರಿಸಿ ಬೆಲ್ಲ ನೀರು ಕೊಟ್ಟು ಬಹಳ ಹೊತ್ತು ಯೋಚಿಸಿದರು.

“ನಿಮಗೆ ಒಳ್ಳೇದು ಬೇಕಾದ್ರೆ ಶಿರ್ತಾಡಿಗೆ ಹೋಗಿ. ಅಲ್ಲಿಂದ ಒಳಗೆ ಒಬ್ಬರಿದ್ದಾರೆ. ಅಳತೆ ತೆಗೆದೇ ಮಾಡುದು. ಜನ ಸ್ವಲ್ಪ ಮಾತು ಕಡಿಮೆ, ಆದ್ರೆ ಪಾಪದವರು.”

ದಾರಿಯನ್ನೂ ವಿವರವಾಗಿ ಹೇಳಿದರು. ನಮ್ಮ ಮನೆಯ ಮುಂದಿನ ಮೋರಿಯವರೆಗೂ ಅದು ಸರಿಯಾಗಿತ್ತು. ನಾನು ಪುಸ್ತಕದಲ್ಲಿ ಬರೆದುಕೊಂಡು ವಂದಿಸಿ ಬಂದೆ.

ಆಮಂತ್ರಣ ಪತ್ರವನ್ನು ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮುದ್ರಿಸಿ ಮನೆಗೆ ಒಯ್ದೆ. ಬಾಯಲ್ಲಿ ಹೇಳಬಹುದಿತ್ತು, ಆದರೆ ಎಲ್ಲ ಸಂಪನ್ಮೂಲ ವ್ಯಕ್ತಿಗಳಿಗೂ ಕೊಟ್ಟದ್ದನ್ನು ಅವರಿಗೂ ಕೊಡಬೇಕು ಎಂಬುದು ನನ್ನ ಲೆಕ್ಕಾಚಾರ. ಅಪ್ಪ ನಾಲ್ಕನೆಯ ತರಗತಿಯವರೆಗೆ ಓದಿದವರು. ಜಗಲಿಯಲ್ಲಿ ಬೆಳಕಿಗೆ ತಿರುಗಿ ಕುಳಿತು ‘ಮಾನ್ಯರೇ’ ಎಂಬಲ್ಲಿಂದ ನನ್ನ ಸಹಿಯವರೆಗೆ ಒಂದೊಂದೇ ಶಬ್ದ ಓದಿದರು.

“ಅಲ್ಲಿ ನಿನ್ನನ್ನು ಎಂತ ಕರೀತಾರೆ?” ಎಂದು ಕೇಳಿದರು.

“ಮೇಡಂ ಅಂತ.”

ಅಪ್ಪ ತಲೆಯಾಡಿಸಿದರು. ನಿಯಮದ ವಿಷಯವನ್ನು ನಾನು ಹೇಳಲಿಲ್ಲ. ಹೇಗೆ ಹೇಳುವುದೆಂದು ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅವರು ಪತ್ರವನ್ನು ಮಡಚಿ ಅಂಗಿಯ ಕಿಸೆಗೆ ಹಾಕಿ ಎದ್ದರು. ಅವರ ಆ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ನಾನು ಆಗ ಯೋಚಿಸಲಿಲ್ಲ.

ಸಂಕಿರಣದ ದಿನ ನಾನು ಮೊದಲ ಬಸ್ಸಿನಲ್ಲಿ ಹೋಗಿದ್ದೆ. ಅಪ್ಪ ಮೂರನೆಯ ಬಸ್ಸಿನಲ್ಲಿ ಬಂದರು. ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿದ್ದರು. ಮದುಮಗನ ಹಾಗೆ ಹೊರಟಿದ್ದಾರೆ ಎಂದು ಅಮ್ಮ ತಮಾಷೆ ಮಾಡಿದ್ದನ್ನು ಆಮೇಲೆ ತಿಳಿದೆ. ನೆನೆಸಿದ ಹಾಳೆಗಳು ಒದ್ದೆ ಗೋಣಿಯಲ್ಲಿದ್ದವು. ಅವರನ್ನು ಸ್ವಾಗತಿಸಲು ನಾನು ಇಬ್ಬರು ಸಹೋದ್ಯೋಗಿಗಳೊಂದಿಗೆ ಮೆಟ್ಟಿಲಿಳಿದು ಹೋದೆ. ಅಪ್ಪ ಗೋಣಿಯನ್ನು ಕೆಳಗಿಟ್ಟು ಎರಡೂ ಕೈ ಜೋಡಿಸಿದರು.

“ನಮಸ್ಕಾರ ಮೇಡಂ. ಬಸ್ಸು ಸ್ವಲ್ಪ ತಡ ಆಯ್ತು.”

ಪಕ್ಕದಲ್ಲಿ ಸಹೋದ್ಯೋಗಿಗಳಿದ್ದರು. ನಾನೂ ಕೈ ಜೋಡಿಸಿದೆ. ಪರವಾಗಿಲ್ಲ, ಬನ್ನಿ ಎಂದೆ. ನಮ್ಮಿಬ್ಬರ ನಡುವೆ ಕನ್ನಡದಲ್ಲಿ ನಡೆದ ಮೊದಲ ಸಂಭಾಷಣೆ ಅದು.

ಪ್ರಾತ್ಯಕ್ಷಿಕೆಗೆ ವೇದಿಕೆಯ ಕೆಳಗೆ ಚಾಪೆ ಹಾಸಿದ್ದೆವು. ವಿದ್ಯಾರ್ಥಿಗಳು ಸುತ್ತ ಕುಳಿತಿದ್ದರು. ಅಪ್ಪ ಹಾಳೆಯನ್ನು ತೆಗೆದು ಎಲ್ಲಿಯೂ ಸೀಳಿಲ್ಲವೆಂದು ಬೆಳಕಿಗೆ ಹಿಡಿದು ನೋಡಿದರು. ಮಾತಿಲ್ಲದೆ ಕೆಲಸ ಮಾಡಿದರು. ಮೈಕು ಹಿಡಿದು ಅವರ ಕೈ ಮಾಡುತ್ತಿದ್ದುದನ್ನು ಸಭೆಗೆ ವಿವರಿಸುತ್ತಿದ್ದವಳು ನಾನು. ಯಾವ ಮಡಿಕೆಯ ನಂತರ ಯಾವುದು ಬರುತ್ತದೆಂದು ನನಗೆ ಗೊತ್ತಿದ್ದರಿಂದ ಒಂದೆರಡು ಕಡೆ ನನ್ನ ಮಾತು ಅವರ ಕೈಗಿಂತ ಮುಂದೆ ಹೋಯಿತು. ಬೇಕೆಂದೇ ತಡವರಿಸಿದೆ.

ಬಂಟ್ವಾಳದ ಕಾಲೇಜಿನಿಂದ ಬಂದಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು, ಈ ವಿದ್ಯೆಯನ್ನು ಯಾರಿಗಾದರೂ ಕಲಿಸಿದ್ದೀರಾ ಅಜ್ಜ ಎಂದು ಕೇಳಿದಳು. ಅಪ್ಪ ನಾರನ್ನು ಎಳೆಯುತ್ತ, ನಿಧಾನವಾದ ಕನ್ನಡದಲ್ಲಿ ಉತ್ತರಿಸಿದರು.

“ಒಬ್ಬಳು ಮಗಳಿದ್ದಾಳೆ. ಹೊಲೀಲಿಕ್ಕೆ ಬರುದಿಲ್ಲ ಅವಳಿಗೆ. ಅಳತೆ ಮಾತ್ರ ಒಳ್ಳೆ ತೆಗೀತಾಳೆ.”

ಎಲ್ಲರೂ ನಕ್ಕರು. ಈಗ ಅವಳು ಎಲ್ಲಿದ್ದಾಳೆ ಎಂದು ಹುಡುಗಿ ಕೇಳಿದಳು.

“ಕೆಲಸದಲ್ಲಿದ್ದಾಳೆ,” ಎಂದರು ಅಪ್ಪ. ನನ್ನ ಕಡೆ ನೋಡಲಿಲ್ಲ.

ಆ ವರ್ಷದ ಮುಖ್ಯ ಅತಿಥಿ ಗಲ್ಫಿನಲ್ಲಿ ಹೋಟೆಲು ನಡೆಸುವವರು. ಎರಡು ದಿನದ ಹಿಂದೆಯಷ್ಟೇ ಊರಿಗೆ ಬಂದಿದ್ದರು. ಅವರ ಅಳತೆ ನನಗೆ ಸಿಕ್ಕಿರಲಿಲ್ಲ. ಅವರ ಮುಟ್ಟಾಳೆಯನ್ನು ಅಲ್ಲಿಯೇ ಮಾಡಿ ಅಲ್ಲಿಯೇ ತೊಡಿಸುವುದೆಂದು ನಿಶ್ಚಯವಾಗಿತ್ತು. ಅವರು ಖುಷಿಯಿಂದ ಚಾಪೆಯವರೆಗೆ ಇಳಿದು ಬಂದು, “ನನ್ನ ತಲೆ ದೊಡ್ಡದು ಮಾರಾಯ್ರೆ, ಹಾಳೆ ಸಾಕಾದೀತಾ?” ಎಂದು ನಗಿಸಿದರು. ಅಪ್ಪನ ಎರಡೂ ಕೈ ಒದ್ದೆ ಹಾಳೆಯಲ್ಲಿತ್ತು. ಬಿಟ್ಟರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಅವರು ತಲೆ ಎತ್ತಿ, ಅಳತೆ ನೀವು ತೆಗೀರಿ ಮೇಡಂ ಎಂದರು.

ನಾನು ಮೈಕನ್ನು ಕೆಳಗಿಟ್ಟೆ. ಮುಂದಿನದ್ದು ನಾನು ಯೋಚಿಸಿ ಮಾಡಿದ್ದಲ್ಲ. ಚಾಪೆಯ ಮೇಲಿನ ನಾರನ್ನು ತೆಗೆದುಕೊಂಡು ನಾಲಿಗೆಗೆ ತಾಗಿಸಿದೆ. ಎಡಗಿವಿಯ ಮೇಲಿನಿಂದ ಸುತ್ತಿದೆ. ಹಿಂದೆ ಬೆರಳು ತೂರಿಸಿ ಸಡಿಲ ಬಿಟ್ಟೆ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಿದೆ. ಐದು ನಿಮಿಷದ ಹಿಂದೆ ಅಪ್ಪ ವಿದ್ಯಾರ್ಥಿಯೊಬ್ಬನ ತಲೆಯ ಮೇಲೆ ತೋರಿಸಿದ್ದನ್ನು, ಅದೇ ಬೆರಳು ಅದೇ ಹಲ್ಲುಗಳಿಂದ, ಒಂದು ಕ್ಷಣವೂ ತಡೆಯದೆ ಮಾಡಿ ಮುಗಿಸಿದ್ದೆ. ತಲೆ ಎತ್ತಿದಾಗ ಬಾಗಿಲಿನಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅಟೆಂಡರ್ ಅಕ್ಕ ಕಾಣಿಸಿದರು. ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು, ಮೇಡಂ ಎಷ್ಟು ಬೇಗ ಕಲಿತರು ಎಂದು.

ಮಧ್ಯಾಹ್ನ ಪ್ರದರ್ಶನದ ಕೋಣೆಯಲ್ಲಿ ನಾನು ಜಾರಿಬಿದ್ದ ಚಿತ್ರವೊಂದನ್ನು ದಾರಕ್ಕೆ ಸಿಕ್ಕಿಸುತ್ತಿದ್ದಾಗ ಅಕ್ಕ ಬಂದರು. ಸುತ್ತ ಯಾರೂ ಇಲ್ಲದ್ದನ್ನು ನೋಡಿ, ಚಿತ್ರದ ಇನ್ನೊಂದು ತುದಿ ಹಿಡಿದುಕೊಂಡರು.

“ನಿಮ್ಮ ಅಪ್ಪನ ಊಟ ಆಯ್ತಾ ಮೇಡಂ?”

ನಾನು ಚಿತ್ರವನ್ನು ಅವರ ಕೈಗೇ ಬಿಟ್ಟು ಹೊರಟೆ. ಸಂಪನ್ಮೂಲ ವ್ಯಕ್ತಿಗಳಿಗೆ ಊಟ ಮೇಲಿನ ಮಹಡಿಯಲ್ಲಿತ್ತು. ಅಪ್ಪ ಅಲ್ಲಿರಲಿಲ್ಲ. ಕೆಳಗೆ ಹೋದರೆ, ವಿದ್ಯಾರ್ಥಿಗಳ ಸಾಲಿನ ಕೊನೆಯ ಬೆಂಚಿನಲ್ಲಿ ಕುಳಿತು ಅನ್ನ ಸಾರು ಉಣ್ಣುತ್ತಿದ್ದರು. ನನ್ನನ್ನು ಕಂಡು ಸಾಲಿನ ವಿದ್ಯಾರ್ಥಿಗಳು ಎದ್ದು ನಿಂತರು. ಅವರೊಂದಿಗೆ ಅಪ್ಪನೂ, ಎಡಗೈಯಲ್ಲಿ ತಟ್ಟೆ ಹಿಡಿದು, ಅರ್ಧ ಎದ್ದರು.

ಆ ಅರ್ಧ ಎದ್ದದ್ದನ್ನು ನಾನು ಇಂದಿಗೂ ಕೂರಿಸಲಾರೆ.

ಸಂಜೆ ಬಸ್ಸಿಗೆ ಅವರು ಮುಂದಿನ ಬಾಗಿಲಿನಿಂದ ಹತ್ತಿದರು, ನಾನು ಹಿಂದಿನಿಂದ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಬಸ್ಸಿನಲ್ಲಿದ್ದರು. ಶಿರ್ತಾಡಿಗೆ ಅವರೊಂದು ಟಿಕೆಟು ತೆಗೆದುಕೊಂಡರು, ನಾನೊಂದು. ಇಳಿದು, ಒಳರಸ್ತೆಗೆ ತಿರುಗಿದ ಮೇಲೆಯೇ ಅವರು ‘ಮಗಾ’ ಎಂದು ಕರೆದದ್ದು. ಹಾಳೆ ಸ್ವಲ್ಪ ಹೆಚ್ಚು ನೆನೆದಿತ್ತು, ಮುಂದಿನ ಸಲ ನೋಡಬೇಕು ಎಂದರು. ಹಾಗೇಕೆ ಮೇಡಂ ಎಂದು ಕರೆದಿರಿ ಎಂದು ನಾನು ಕೇಳಿದೆ. ಪತ್ರದಲ್ಲಿ ಅವರನ್ನು ನಾನು ಮಾನ್ಯರೇ ಎಂದು ಬರೆದಿದ್ದೆನಲ್ಲ, ಅಲ್ಲಿನ ಕ್ರಮ ಹಾಗಿರಬೇಕು ಎಂದುಕೊಂಡರಂತೆ. ಆ ಮಾತಿನಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಘೋಷಣಾ ಪತ್ರ ಸಿದ್ಧವಾಗಿ ಬಂತು. ‘ಸಂಪನ್ಮೂಲ ವ್ಯಕ್ತಿಗಳಿಗೂ ನನಗೂ ಯಾವುದೇ ಸಂಬಂಧವಿಲ್ಲ’ ಎಂಬ ವಾಕ್ಯದ ಕೆಳಗೆ ಸಹಿಗೆ ಜಾಗ. ನಾಲ್ಕು ದಿನ ಅದು ನನ್ನ ಚೀಲದಲ್ಲಿ ನಾರಿನ ಕಟ್ಟಿನ ಜೊತೆ ಇತ್ತು. ಐದನೆಯ ದಿನ ಆ ವಾಕ್ಯವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ‘ಇವರು ನನ್ನ ತಂದೆ’ ಎಂದು ಬರೆದು, ಸಹಿ ಮಾಡಿ, ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ಏನಾದರೂ ಆಗಲಿ, ಮುಗಿಯಲಿ ಎಂದುಕೊಂಡಿದ್ದೆ.

ಅವರು ಓದಿ ಕನ್ನಡಕ ತೆಗೆದರು. ಬೈಯಲಿಲ್ಲ. ನೀವು ಪ್ರಾಮಾಣಿಕರು, ಅದು ಸಂತೋಷದ ವಿಷಯ ಎಂದರು. ನಿಮ್ಮ ತಂದೆಯವರ ಕೈಗುಣ ದೊಡ್ಡದು ಎಂದೂ ಹೇಳಿದರು. ಆಮೇಲೆ ಪುಟವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು.

“ಇದು ಫೈಲಿಗೆ ಹೋದ್ರೆ ನಿಮ್ಮ ರಿನೀವಲ್‌ಗೆ ತೊಂದರೆ. ನಮಗೆ ನೀವೂ ಬೇಕು, ಅವರೂ ಬೇಕು. ಹೆಸರು ಎಂತಕ್ಕೆ ಮೇಡಂ? ‘ಒಬ್ಬ ಸ್ಥಳೀಯ ಹಿರಿಯ ಕುಶಲಕರ್ಮಿ’ ಅಂತ ಬರೆಯುವ.”

‘ಬರೆಯುವ’ ಎಂದರೂ ಬರೆದವಳು ನಾನೇ. ಹೆಸರಿಲ್ಲದವರೊಂದಿಗೆ ಯಾರಿಗೂ ಸಂಬಂಧವಿರುವುದಿಲ್ಲವಾದ್ದರಿಂದ ಹೊಸ ಘೋಷಣಾ ಪತ್ರ ಸರಿಯಾಗಿಯೇ ಇತ್ತು. ಸಹಿ ಹಾಕಿದೆ. ನಾನು ಸತ್ಯ ಹೇಳಿ ಹೊರಬರುವ ಬಾಗಿಲೊಂದಿದೆ ಎಂದುಕೊಂಡಿದ್ದೆ. ಆ ಬಾಗಿಲಿನ ಆಚೆಯೂ ಅದೇ ಕೋಣೆ ಇತ್ತು. ನೇಮಕಾತಿ ಪತ್ರ ಸರಿಯಾದ ಸಮಯಕ್ಕೆ ಬಂತು. ಅದರ ಹಿಂದೆಯೇ ಮುಂದಿನ ಸಂಕಿರಣದ ಸಮಿತಿಯ ಪಟ್ಟಿ, ಮೊದಲ ಸಾಲಿನಲ್ಲಿ ನನ್ನ ಹೆಸರು.

ಈ ವರ್ಷದ ಸಂಕಿರಣ ನಡೆದು ಹದಿನೈದು ದಿನವಾಯಿತು. ಅಪ್ಪ ಪುನಃ ಬಂದಿದ್ದರು. ವೇದಿಕೆಯ ಬದಿಯಲ್ಲಿ ಚಾಪೆಯ ಮೇಲೆ, ಹಾಳೆ ನೆನೆಸಿದ ಬಾಲ್ದಿಯ ಪಕ್ಕ ಕುಳಿತಿದ್ದರು. ಉದ್ಘಾಟನೆಗೆ ಮೊದಲು ಹಿಂದಿನ ವರ್ಷದ ವರದಿಯನ್ನು ಸಂಯೋಜಕಿ ಓದುವುದು ಪದ್ಧತಿ. ವರದಿ ವಾಚನದಷ್ಟು ನಿರ್ಲಕ್ಷಿತವಾದ ಭಾಗ ಯಾವ ಕಾರ್ಯಕ್ರಮದಲ್ಲೂ ಇಲ್ಲ. ವೇದಿಕೆಯವರು ಪರಸ್ಪರ ಕುಶಲ ವಿಚಾರಿಸುವುದು, ವಿದ್ಯಾರ್ಥಿಗಳು ಮೊಬೈಲು ನೋಡುವುದು, ಧ್ವನಿವರ್ಧಕದವನು ತಂತಿ ಸರಿಪಡಿಸುವುದು ಎಲ್ಲವೂ ಆಗಲೇ. ನಾನು ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ಓದಿದೆ: ಭಾಗವಹಿಸಿದ ಕಾಲೇಜುಗಳು, ಪ್ರದರ್ಶಿತವಾದ ಕಲಾಕೃತಿಗಳು, ಬಹುಮಾನಗಳು. ‘ಮುಟ್ಟಾಳೆ ತಯಾರಿಕೆಯ ಪ್ರಾತ್ಯಕ್ಷಿಕೆಯನ್ನು ನಡೆಸಿಕೊಟ್ಟವರು ಒಬ್ಬ ಸ್ಥಳೀಯ ಹಿರಿಯ ಕುಶಲಕರ್ಮಿ’ ಎಂಬಲ್ಲಿಗೆ ಬಂದೆ. ಅಲ್ಲಿ ಪೂರ್ಣವಿರಾಮವಿತ್ತು. ನಾನೇ ಟೈಪು ಮಾಡಿದ್ದು.

ಆ ವಾಕ್ಯವನ್ನು ಓದಿ, ಅಪ್ಪನ ಹೆಸರನ್ನು ಹೇಳಿದೆ. ಊರಿನ ಹೆಸರನ್ನೂ ಸೇರಿಸಿದೆ. “ಇವರು ನನ್ನ ತಂದೆ,” ಎಂದೆ. ಅದೇ ಧ್ವನಿಯಲ್ಲಿ ಮುಂದಿನ ವಾಕ್ಯಕ್ಕೆ ಹೋದೆ.

ಯಾರೂ ತಲೆ ಎತ್ತಲಿಲ್ಲ. ಮುಖ್ಯ ಅತಿಥಿಗಳು ಪಕ್ಕದವರ ಮಾತಿಗೆ ನಗುತ್ತಿದ್ದರು. ಪ್ರಾಂಶುಪಾಲರು ನನ್ನ ಕಡೆ ಒಮ್ಮೆ ನೋಡಿದರು, ಆಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ಕೇಳಿಸಿಕೊಂಡರೋ ಇಲ್ಲವೋ ನನಗೆ ತಿಳಿಯದು. ಅಟೆಂಡರ್ ಅಕ್ಕ ಹಿಂಗಾರದ ಹರಿವಾಣವನ್ನು ಮೇಜಿನ ಮೇಲಿಟ್ಟು, ಇಟ್ಟ ಮೇಲೂ ಕೈ ತೆಗೆಯದೆ ನಿಂತಿದ್ದರು. ಅಪ್ಪ ಬಾಲ್ದಿಯಲ್ಲಿ ಕೈ ಮುಳುಗಿಸಿ ಹಾಳೆ ಮೆದುವಾಗಿದೆಯೇ ಎಂದು ಒತ್ತಿ ನೋಡುತ್ತಿದ್ದರು. ಒತ್ತುವುದು ನಿಂತಿತು. ಕೈ ನೀರಿನಲ್ಲೇ ಇತ್ತು.

ಉಳಿದ ದಿನವೆಲ್ಲ ಹಿಂದಿನಂತೆಯೇ ಕಳೆಯಿತು. ಮೇಜು ಕಡಿಮೆ ಬಿದ್ದವು. ಚಿತ್ರಗಳು ಗಾಳಿಗೆ ತಿರುಗಿ ಬೆನ್ನು ತೋರಿಸಿದವು. ಮಧ್ಯಾಹ್ನ ನಾನು ಅಪ್ಪನನ್ನು ಮೇಲಿನ ಮಹಡಿಗೆ ಕರೆದೊಯ್ದು ಬಡಿಸಿದೆ. ಅವರು ಅಲ್ಲಿ ಸರಿಯಾಗಿ ಉಣ್ಣಲಿಲ್ಲ. ನೇಮಕಾತಿ ಪತ್ರ ಈ ಸಲ ಇನ್ನೂ ಬಂದಿಲ್ಲ. ಕಳೆದ ವರ್ಷ ಇಷ್ಟು ಹೊತ್ತಿಗೆ ಬಂದಿರಲಿಲ್ಲ ಎಂದು ನಾನು ಡೈರಿ ತೆಗೆದು ನೋಡಿ ಖಚಿತಪಡಿಸಿಕೊಂಡಿದ್ದೇನೆ. ಆದರೂ ಕಚೇರಿಯ ಮುಂದೆ ಹೋಗುವಾಗಲೆಲ್ಲ ಹೆಜ್ಜೆ ತಡೆಯುತ್ತದೆ.

ಸಂಕಿರಣದ ಆ ಸಂಜೆ ಬಸ್ಸು ನಿಲ್ದಾಣದಲ್ಲಿ ನಮ್ಮ ವಿದ್ಯಾರ್ಥಿಗಳು ಗುಂಪಾಗಿ ನಿಂತಿದ್ದರು. ಬಸ್ಸು ಬಂದಾಗ ಅಪ್ಪ ಅಭ್ಯಾಸದಂತೆ ಮುಂದಿನ ಬಾಗಿಲಿನ ಕಡೆ ಹೊರಟರು. ನಾನೂ ಅದೇ ಬಾಗಿಲಿನಿಂದ ಹತ್ತಿ ಅವರ ಪಕ್ಕದಲ್ಲಿ ಕುಳಿತೆ. ಒದ್ದೆ ಗೋಣಿ ಇಬ್ಬರ ಕಾಲಿನ ನಡುವೆ ಇತ್ತು. ಪೇಟೆ ದಾಟುವವರೆಗೆ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

“ಅದು ಕಾಗದದಲ್ಲಿ ಇತ್ತಾ?” ಎಂದು ತುಳುವಿನಲ್ಲಿ ಕೇಳಿದರು.

“ಇರಲಿಲ್ಲ.”

ಕೆಲಸಕ್ಕೆ ತೊಂದರೆ ಆಗ್ತದಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಗೋಣಿಯನ್ನು ನನ್ನ ಸೀರೆಗೆ ತಾಗದಂತೆ ತಮ್ಮ ಕಡೆಗೆ ಎಳೆದುಕೊಂಡರು. ಅಷ್ಟರಲ್ಲಿ ನಿರ್ವಾಹಕ ಸೀಟುಗಳ ನಡುವೆ ನುಗ್ಗಿಕೊಂಡು ಬಂದು, ಎಲ್ಲಿಗೆ ಎಂದು ನನ್ನನ್ನು ಕೇಳಿದ.

“ಶಿರ್ತಾಡಿ,” ಎಂದೆ. “ಎರಡು.”